ಮೊದಲ ಪುಟ

ಮಂಗಳವಾರ ಬೆಳಿಗ್ಗೆ ಉತ್ತರ ಮಿನೆಸೋಟದ ಒಂದು ಕೌಂಟಿ ಕಚೇರಿಯಲ್ಲಿ ಚರಿತ್ರಾರ್ಹ ಘಟನೆಯೊಂದು ನಡೆಯಿತು: ಪರದೆಯ ಮೇಲಿದ್ದ ಸಾಸಿವೆ ಕಾಳಿನಷ್ಟು ಹಸಿರು ಚುಕ್ಕಿ ಕೆಂಪಾಯಿತು. ಸರ್ವರ್ ಎಂಬ ಒಂದೇ ಕಬ್ಬಿಣದ ಪೆಟ್ಟಿಗೆಯೊಳಗೆ ಹತ್ತಾರು ವರ್ಚುವಲ್ ಯಂತ್ರಗಳು, ಅಂದರೆ ಮೈಯಿಲ್ಲದ ಕಂಪ್ಯೂಟರುಗಳು, ಬಾಡಿಗೆದಾರರಂತೆ ಸಂಸಾರ ಹೂಡಿದ್ದವು. ಆ ಪೆಟ್ಟಿಗೆಯನ್ನು ಕಾಯಬೇಕಾದ ಸೆಕ್ಯುರಿಟಿ ಏಜೆಂಟ್ ಎಂಬ ತಂತ್ರಾಂಶ ಉತ್ತರಿಸುತ್ತಿಲ್ಲ ಎಂದು ಆ ಕೆಂಪಿನ ಅರ್ಥ.

ಭದ್ರತೆಯ ಮುಖ್ಯಸ್ಥೆ ಮಾರ್ಲಿಸ್ ಎಂಗೆಬ್ರೆಟ್ಸನ್ ಇಂಥ ಗಳಿಗೆಗೆಂದೇ ಎರಡು ನಿಯಮ ಮಾಡಿಟ್ಟಿದ್ದಳು. ಒಂದು, ಏಜೆಂಟ್ ಒಂದು ಗಂಟೆ ಮೌನವಾಗಿದ್ದರೆ ಕಳ್ಳ ಹೊಕ್ಕಿದ್ದಾನೆಂದೇ ಲೆಕ್ಕ. ಪೆಟ್ಟಿಗೆಯ ಸಂಪರ್ಕ ತಾನಾಗಿಯೇ ಕಡಿದುಹೋಗಬೇಕು. ಎರಡು, ಏಜೆಂಟ್ ದಿನಚರಿಯಂತೆ ಬರೆದಿಟ್ಟ ಲಾಗನ್ನು ಯಾರೂ ಅಳಿಸಕೂಡದು, ಅದು ಸಾಕ್ಷಿ. ತನ್ನನ್ನು ಯಾರೂ ಅಂಗಲಾಚದಿರಲಿ ಎಂದು ಮೊದಲನೆಯದನ್ನು ಯಂತ್ರಕ್ಕೇ ಒಪ್ಪಿಸಿದ್ದಳು. ಈಗ ಅವಳೇ ಅಂಗಲಾಚಿದರೂ ಅದು ಕೇಳುವಂತಿರಲಿಲ್ಲ.

ಹೊರಗೆ ಹಿಮ ಅಡ್ಡಡ್ಡ ಬೀಸುತ್ತಿತ್ತು. ಯಾವ ಆಂಬುಲೆನ್ಸ್ ಯಾವ ಹಿಮ ಗೋರುವ ಲಾರಿಯ ಬೆನ್ನು ಹಿಡಿಯಬೇಕೆಂದು ತೋರಿಸುವ ನಕ್ಷೆ ಇದ್ದದ್ದು ಅದೇ ಪೆಟ್ಟಿಗೆಯಲ್ಲಿ. ಬೇರೆಡೆ ಸಾಗಿಸೋಣವೆಂದರೆ ಜೋಡಿ ಪೆಟ್ಟಿಗೆ ಬಿಡಿಭಾಗಕ್ಕೆ ಕಾಯುತ್ತ ಹೊಟ್ಟೆ ತೆರೆದುಕೊಂಡು ಬಿದ್ದಿತ್ತು. ಕಂಟ್ರೋಲ್ ರೂಮಿನಿಂದ ಪೆಗ್ಗಿ ಫೋನು ಮಾಡಿದಳು. ಹೆರಿಗೆ ನೋವು ಬಂದವಳೊಬ್ಬಳು ಆಂಬುಲೆನ್ಸಿನಲ್ಲಿ ದಾರಿಯಲ್ಲಿದ್ದಳು. ಮಗು ಅಡ್ಡ ತಿರುಗಿತ್ತು.

"ನಕ್ಷೆ ಹೋಯ್ತು ಅಂದ್ರೆ ನಾನು ಕಣ್ಣಿಗೆ ಬಟ್ಟೆ ಕಟ್ಕೊಂಡು ದಾರಿ ಹೇಳ್ದಂಗೆ," ಎಂದಳು. "ಎಷ್ಟು ಹೊತ್ತಿದೆ ನಿಮ್ಹತ್ರ?"

"ಗಂಟೆ ತುಂಬೋಕೆ ಇನ್ನು ಹತ್ತು ನಿಮಿಷ," ಎಂದ ಡ್ವೇನ್. ಪೆಟ್ಟಿಗೆಗಳನ್ನು ನೋಡಿಕೊಳ್ಳುವವನು ಅವನು. ಮಾತಾಡುತ್ತಲೇ ಏಜೆಂಟಿನ ಲಾಗನ್ನು ತೆರೆದು ಕೊನೆಗೆ ಹೋದ. ಕೊನೆಯ ಸಾಲು ಅರ್ಧಕ್ಕೇ ನಿಂತಿತ್ತು.

"ಬಾಯಿ ಮುಚ್ಚಿಸಿದಾರೆ," ಎಂದಳು ಮಾರ್ಲಿಸ್. "ಕಳ್ಳ ಮೊದ್ಲು ಮಾಡೋ ಕೆಲ್ಸಾನೇ ಅದು."

"ಪದದ ಮಧ್ಯದಲ್ಲಿ ನಿಂತಿದೆ ನೋಡಿ. ಬಾಯಿ ಮುಚ್ಚಿಸಿದ್ದಲ್ಲ, ಬರೆಯೋಕೆ ಕಾಗದ ಮುಗಿದದ್ದು."

ನಿಜವೇ ಆಗಿತ್ತು. ಡಿಸ್ಕಿನಲ್ಲಿ ಎಳ್ಳಷ್ಟೂ ಜಾಗ ಉಳಿದಿರಲಿಲ್ಲ. ಲಾಗೇ ಅಷ್ಟನ್ನೂ ನುಂಗಿ ಕೂತಿತ್ತು. ಬರೆಯಲು ಜಾಗವಿಲ್ಲದ ಏಜೆಂಟ್ ಏಳಲಾರದೆ ಮಲಗಿತ್ತು. ಇಷ್ಟೊಂದು ಬರೆದದ್ದಾದರೂ ಯಾಕೆ ಎಂದು ಡ್ವೇನ್ ಲಾಗಿನ ತಲೆಗೆ ಹೋದ. ಮೊದಲ ಪುಟದಲ್ಲೇ ಇತ್ತು: ಯಾವುದೋ ಹಳೆಯ ದೂರಿನ ಬೆನ್ನು ಹತ್ತಿದವರೊಬ್ಬರು, ಉಸಿರಾಡಿದ್ದನ್ನೂ ಬಿಡದೆ ಬರೆ ಎಂದು ಏಜೆಂಟಿಗೆ ಅಪ್ಪಣೆ ಕೊಟ್ಟಿದ್ದರು. ದೂರು ಬಗೆಹರಿದ ಮೇಲೆ ಸಾಕು ಎನ್ನುವುದನ್ನು ಮರೆತಿದ್ದರು. ಅಪ್ಪಣೆಯ ಪಕ್ಕದಲ್ಲಿ ಅದನ್ನು ಕೊಟ್ಟವರ ಹೆಸರೂ ಇತ್ತು. ಎಂಗೆಬ್ರೆಟ್ಸನ್.

ಇಬ್ಬರೂ ಓದಿದರು. ಡ್ವೇನ್ ಓದದವನಂತೆ ಕಾಫಿ ಲೋಟ ಎತ್ತಿಕೊಂಡ, ಅದು ಖಾಲಿಯಾಗಿತ್ತು.

"ಪೂರ್ತಿ ನಕಲು ಮಾಡೋಕೆ ಆಗಲ್ಲ, ತುಂಬ ದೊಡ್ಡದಿದೆ," ಎಂದ. "ಅಳಿಸಿದ್ರೆ ಮಾತ್ರ ಏಜೆಂಟ್ ಏಳುತ್ತೆ."

"ಅಳಿಸು."

"ನಿಮ್ಮ ನಿಯಮ..."

"ನನ್ನ ನಿಯಮ ನಂಗೊತ್ತಿಲ್ವಾ? ಅಲ್ಲೊಬ್ಳು ಹೆರ್ತಾ ಇದಾಳೆ, ಡ್ವೇನ್."

ಬೆರಳು ಕೀಲಿಯ ಮೇಲಿಟ್ಟು ಅವನು ತಡೆದ. ಇನ್ನೂ ಐದು ನಿಮಿಷವಿತ್ತು.

"ಮೊದಲ ಪುಟ ಒಂದನ್ನಾದ್ರೂ ತೆಗೆದಿಡ್ಲಾ? ಕ್ಷಣದ ಕೆಲಸ."

ಮಾರ್ಲಿಸ್ ಕಿಟಕಿಯಾಚೆಯ ಹಿಮವನ್ನು ನೋಡಿದಳು.

"ಟೈಮಿಲ್ಲ," ಎಂದಳು.

ಡ್ವೇನ್ ಅಳಿಸಿದ. ಏಜೆಂಟ್ ಎದ್ದಿತು, ಚುಕ್ಕಿ ಹಸಿರಾಯಿತು, ನಕ್ಷೆ ಉಳಿಯಿತು. ಒಂದಾದ ಮೇಲೊಂದು ಲಾರಿಯ ಬೆನ್ನು ಹಿಡಿದು ಆಂಬುಲೆನ್ಸ್ ಆಸ್ಪತ್ರೆ ಮುಟ್ಟಿತು. ಹೆಣ್ಣು ಮಗು, ಇಬ್ಬರೂ ಕ್ಷೇಮ ಎಂದು ಪೆಗ್ಗಿ ತಿಳಿಸಿದಳು. ಮಧ್ಯಾಹ್ನ ಮಾರ್ಲಿಸ್ ವರದಿ ಬರೆದಳು. ಏಜೆಂಟ್ ನಿಂತದ್ದಕ್ಕೆ ಕಾರಣ ತಿಳಿದುಬಂದಿಲ್ಲ ಎಂದು ಅದರಲ್ಲಿತ್ತು. ಡ್ವೇನ್ ಸಹಿ ಹಾಕಿದ.