ಕುಂಕುಮ ಇಟ್ಟ ಗಿಡ

ಮಹೇಂದ್ರ ಎತ್ತಿದ ಮಚ್ಚು ಅಲ್ಲೇ ನಿಂತಿತು. ಶೆಟ್ಟಿಹಳ್ಳಿಯ ಮನೆಯ ಹಿಂದಿನ ಗೋಡೆಗೆ ಒತ್ತಿಕೊಂಡು ಬೆಳೆದಿದ್ದ ಅರಳಿ ಗಿಡದ ಕಾಂಡಕ್ಕೆ ಹಸಿ ಅರಿಶಿನ, ಕುಂಕುಮ ಹಚ್ಚಿತ್ತು.

“ನಾನೇ ಇಟ್ಟಿದ್ದು ಕಣೋ,” ಅದೇ ಗೋಡೆಯಲ್ಲಿದ್ದ ದೇವರ ಕೋಣೆಯ ಕಿಟಕಿಯಿಂದ ಅವನವ್ವ ಮುನಿವೆಂಕಟಮ್ಮ ಅಂದಳು. “ಪೂಜೆ ಆದ್ಮೇಲೆ ಮಚ್ಚು ತಾಗಿಸ್ಬಾರ್ದು.”

“ಬೇರು ಪಾಯಕ್ಕೆ ಇಳ್ದೈತೆ ಕಣವ್ವ. ಗೋಡೆ ಬಿರುಕು ನೋಡು.”

“ಸಿಮೆಂಟ್ ಮೆತ್ತು.”

ಮೊನ್ನೆಯಷ್ಟೇ ಮೆತ್ತಿದ್ದ. ಆದರೂ ಮಚ್ಚು ಕೆಳಗಿಟ್ಟು, ಕಾಂಡ ಮುಟ್ಟಿ ಕಣ್ಣಿಗೊತ್ತಿಕೊಂಡ. ಒಳಗೆ ಅವ್ವ ಮಂಗಳಾರತಿ ಎತ್ತಿ ಗಂಟೆ ಬಾರಿಸಿದಳು; ಸ್ವಲ್ಪ ಹೊತ್ತಿಗೆ ಗಂಟೆ ನಿಂತಿತು. ಆಮೇಲೆ ದೇವರ ಕೋಣೆಯ ಬಾಗಿಲು ಎಳೆದ ಸದ್ದು. ಮತ್ತೆ ಎಳೆದ ಸದ್ದು, ಈ ಸಲ ಜೋರಾಗಿ.

“ಮಹೇಂದ್ರ, ಬಾಗ್ಲು ಸಿಕ್ಕಾಕ್ಕೊಂಡೈತೆ ಕಣೋ! ಆಚೆಯಿಂದ ತಳ್ಳು ಬಾ!”

ಅವನ ಕಣ್ಣೆದುರೇ ಬಿರುಕಿಗೆ ಮೆತ್ತಿದ್ದ ಸಿಮೆಂಟು ಪುಡಿಯಾಗಿ ಅವನ ಕಾಲ ಮೇಲೆ ಉದುರತೊಡಗಿತು.