ತೇಗದ ಬಾಗಿಲು

"ಮಗ ಊರಲ್ಲಿಲ್ಲ. ಯಾವಾಗ ಬರ್ತಾನೋ ಗೊತ್ತಿಲ್ಲ," ಎಂದರು ಅತ್ತೆ, ಕಿಟಕಿಯ ಸರಳುಗಳ ಹಿಂದಿನಿಂದ. ಸೊಸೆಯ ಮುಖ ನೋಡದೆ, ಅವಳ ಪಕ್ಕದಲ್ಲಿ ನಿಂತಿದ್ದ ಕೋರ್ಟಿನ ಅಮೀನನಿಗೆ ಹೇಳಿದರು. ಮೆಟ್ಟಿಲ ಬಳಿ ಮಗರಾಯನ ಚಪ್ಪಲಿಗಳು ಬಿದ್ದಿದ್ದವು. ಊರು ಬಿಟ್ಟು ಹೋದವನು ಬರಿಗಾಲಲ್ಲೇ ಹೋಗಿರಬೇಕು.

ನೋಟಿಸು ಮುಟ್ಟಿಸುವುದೇ ಅಮೀನನ ಕೆಲಸ. ಬಂದಾಗಲೆಲ್ಲ ಅವಳ ಗಂಡ ಅವನಿಗೆ ಚಳ್ಳೆಹಣ್ಣು ತಿನ್ನಿಸಿದ್ದ. ನೋಟಿಸು ಮುಟ್ಟದೆ ವಿಚ್ಛೇದನದ ಕೇಸು ನಿಂತಲ್ಲೇ ನಿಂತಿತ್ತು, ಅದರ ಜೊತೆಗೆ ಅವಳ ಬದುಕೂ. ಬಾಡಿಗೆಗೆ ಒಂದು ಕೋಣೆ ಕೇಳಲು ಹೋದರೆ, "ಯಜಮಾನರು ಬಂದು ಮಾತಾಡಲಿ" ಎನ್ನುತ್ತಿದ್ದರು. ಕೊನೆಗೆ ಜಡ್ಜ್, ನೋಟಿಸನ್ನು ಮನೆಗೆ ಅಂಟಿಸಿ ಬನ್ನಿ ಎಂದಿದ್ದರು. ಅವಳ ವಕೀಲೆ ಮಾತ್ರ ಎಚ್ಚರಿಸಿದ್ದಳು: "ನಾನು ನೋಡೇ ಇಲ್ಲ ಅಂತ ನಾಳೆ ಅವನು ಬಂದು ನಿಂತರೆ ಮತ್ತೆ ಮೊದಲಿಂದ ಶುರು. ಹೇಗಾದ್ರೂ ಮಾಡಿ ಅವನ ಕೈಗೇ ಕೊಡಿಸು." ಅದಕ್ಕೇ ಅವಳು, ತಾನು ಕೆಲಸ ಮಾಡುವ ಪುಸ್ತಕ ಬೈಂಡಿಂಗ್ ಅಂಗಡಿಗೆ ಅರ್ಧ ದಿನ ರಜೆ ಹಾಕಿ, ಗಂಡನ ಗುರುತು ಹೇಳಲು ಜೊತೆಗೆ ಬಂದಿದ್ದಳು.

ದಾರಿಯಲ್ಲಿ ಅಮೀನ ಕೇಳಬಾರದ್ದನ್ನು ಕೇಳಿದ್ದ.

"ಹೊಡೀತಾರಾ ಅಮ್ಮ?"

"ಇಲ್ಲ."

"ಕುಡೀತಾರಾ?"

"ಅದೂ ಇಲ್ಲ."

"ಮತ್ತೆ ಇನ್ನೇನು ಕಷ್ಟ?"

ಅಪ್ಪ, ಅಣ್ಣ, ಅತ್ತಿಗೆ, ಎಲ್ಲರೂ ಇದನ್ನೇ ಕೇಳಿದ್ದರು. ಹೇಳಿ ಹೇಳಿ ಅವಳ ಬಾಯಿ ಸೋತಿತ್ತು.

ಕಷ್ಟ ಈಗ ಎದುರಿಗೇ ನಿಂತಿತ್ತು: ತೇಗದ ಬಾಗಿಲು. ಪೀಠೋಪಕರಣದ ಅಂಗಡಿ ಇಟ್ಟಿದ್ದ ಗಂಡ ಅದನ್ನು ಕೈಯಾರೆ ಕೆತ್ತಿದ್ದ. ಬಿಡುವಾದಾಗಲೆಲ್ಲ ಪಾಲಿಶ್ ತಿಕ್ಕುತ್ತಿದ್ದ, ಗಿರಾಕಿಗಳನ್ನು ಕರೆತಂದು ತೋರಿಸುತ್ತಿದ್ದ. ಒಮ್ಮೆ ಮಾತಿಗೆ ಮಾತು ಬೆಳೆದು, ಜ್ವರದಲ್ಲಿದ್ದ ಅವಳನ್ನು ಉರಿಬಿಸಿಲಲ್ಲಿ ಹೊರಗೆ ನಿಲ್ಲಿಸಿ ಇದೇ ಬಾಗಿಲು ಹಾಕಿಕೊಂಡ. ಬೀದಿಯವರೆಲ್ಲ ನೋಡುತ್ತಿದ್ದರು. "ಬಾಗಿಲು ತೆಗೀರಿ" ಎಂದು ಬಡಿದೇ ಬಡಿದಳು. ಜಪ್ಪಯ್ಯ ಅಂದರೂ ತೆರೆಯಲಿಲ್ಲ. ಬಿಸಿಲು ಇಳಿದ ಮೇಲೆ ತೆರೆದವನು ಬಾಗಿಲ ಮೇಲೆ ಕೈಯಾಡಿಸಿ, "ಉಂಗುರ ತಾಗಿ ಗೀರು ಬಿತ್ತಲ್ಲೇ" ಅಂದ. ಅವಳ ಮನಸ್ಸು ಆ ಮನೆ ಬಿಟ್ಟದ್ದು ಅವತ್ತೇ.

ಅಮೀನ ಚೀಲದಿಂದ ಗೋಂದಿನ ಶೀಶೆ ತೆಗೆದ. "ಪಕ್ಕದ ಗೋಡೆಗೆ ಹಚ್ಚಿಬಿಡ್ತೀನಿ, ಸಾಕು."

"ಬಾಗಿಲಿಗೇ ಹಚ್ಚಿ ಸರ್," ಎಂದಳು ಅವಳು, ಒಳಗೆ ಕೇಳಿಸುವಷ್ಟು ಗಟ್ಟಿಯಾಗಿ. "ಆ ಗೋಂದು ಬೇಡ, ಗಾಳಿಗೇ ಬಿಟ್ಟುಕೊಳ್ಳುತ್ತೆ. ನಮ್ಮ ಅಂಗಡಿ ಅಂಟು ತಂದಿದೀನಿ, ಮೈದಾ ಕುದಿಸಿ ಮೈಲುತುತ್ತ ಬೆರೆಸಿದ್ದು. ರಟ್ಟನ್ನೇ ಬಿಡಲ್ಲ, ಇನ್ನು ಪಾಲಿಶ್ ಬಿಡುತ್ತಾ?"

ಡಬ್ಬಿಯ ಮುಚ್ಚಳ ತೆಗೆದು, ಅಂಗೈಯಗಲದ ಬ್ರಷ್ಷನ್ನು ಅದ್ದಿ ಎತ್ತಿದಳು.

ಬಾಗಿಲ ಹಿಂದಿನಿಂದ ದನಿ ಬಂತು: "ಅಮ್ಮಾ, ಗೋಡೆಗೆ ಹಚ್ಚೋಕೆ ಹೇಳಮ್ಮ ಅವರಿಗೆ!"

ಕಿಟಕಿಯಲ್ಲಿ ಅತ್ತೆ ಕಣ್ಣು ಮುಚ್ಚಿಕೊಂಡರು.

"ಊರಿಂದ ಯಾವಾಗ ಬಂದ್ರು?" ಎಂದು ಅಮೀನ ಕೇಳಿದ.

ಅವಳು ನಗಲಿಲ್ಲ. ಬಾಗಿಲ ನಟ್ಟನಡುವೆ, ಹೂಬಳ್ಳಿ ಕೆತ್ತಿದ ಕಡೆ ಬ್ರಷ್ಷನ್ನು ಒತ್ತಿ, ಮೇಲಿಂದ ಕೆಳಕ್ಕೆ ಎಳೆದಳು. ಎಷ್ಟು ಹಿತವಾಯಿತೆಂದರೆ ಇನ್ನೊಮ್ಮೆ ಎಳೆದಳು.

ಚಿಲಕ ಸರಿದ ಸದ್ದಾಯಿತು. ಗಂಡ ಬರಿಗಾಲಲ್ಲಿ ಹೊರಗೆ ಹಾರಿ ಬಂದ. "ನಿಲ್ಸೇ! ತಲೆ ಕೆಟ್ಟಿದೆಯಾ ನಿನಗೆ?"

"ಇವರೇ ಸರ್, ನನ್ನ ಗಂಡ," ಎಂದಳು ಅವಳು.

ಅಮೀನ ತಡಮಾಡದೆ ನೋಟಿಸನ್ನು ಅವನ ಕೈಗೆ ತುರುಕಿ ಪೆನ್ನು ಚಾಚಿದ. "ಇಲ್ಲಿ ರುಜು ಹಾಕಿ ಸ್ವಾಮಿ. ಇಲ್ಲಾಂದ್ರೆ ಅಂಟಿಸಲೇಬೇಕಾಗುತ್ತೆ."

ಬ್ರಷ್ಷಿನಿಂದ ಅಂಟು ತೊಟ್ಟಿಕ್ಕುತ್ತಿತ್ತು. ಅವನು ಅದನ್ನು ನೋಡಿದ, ಬಾಗಿಲನ್ನು ನೋಡಿದ, ರುಜು ಗೀಚಿದ.

ನೋಟಿಸನ್ನು ಓದಲಿಲ್ಲ. ಕಂಕುಳಲ್ಲಿ ಸಿಕ್ಕಿಸಿಕೊಂಡು, ಅಂಗಿಯ ತುದಿಯಿಂದ ಬಾಗಿಲನ್ನು ಒರೆಸತೊಡಗಿದ, ಮಗುವಿನ ಮುಖ ಒರೆಸುವಷ್ಟು ಮೆತ್ತಗೆ. ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದ ಹೆಂಡತಿಯ ಕಡೆ ತಿರುಗಿಯೂ ನೋಡಲಿಲ್ಲ. ಅಮೀನ ಕೆಲಹೊತ್ತು ಅದನ್ನೇ ನೋಡುತ್ತ ನಿಂತ. ಆಮೇಲೆ ದನಿ ತಗ್ಗಿಸಿ, "ದಾರೀಲಿ ಕೇಳಿದ ಮಾತು ವಾಪಸ್ ತಗೊಂಡೆ ಕಣಮ್ಮ," ಎಂದ.

ಅವಳು ಡಬ್ಬಿ ಮುಚ್ಚಿ ಮೆಟ್ಟಿಲಿಳಿದಳು. ಗೇಟು ದಾಟುವಾಗ ಹಿಂದಿನಿಂದ ಗಂಡ ಕೂಗಿದ: "ಏಯ್, ಇದರ ಕಲೆ ಉಳಿಯುತ್ತೇನೇ?"

"ಕೋರ್ಟಿಗೆ ಬಾ," ಎಂದಳು ಅವಳು, ತಿರುಗದೆ. "ಜಡ್ಜ್ ಎದುರಿಗೇ ಹೇಳ್ತೀನಿ."