ಎರಡು ಸಲ ಗಂಜಿ

ನನ್ನ ಸ್ಲೀಪಿಂಗ್ ಬ್ಯಾಗು ಸಣ್ಣತಿಮ್ಮಪ್ಪನ ಅಂಗಳದಲ್ಲಿ, ಒಳಗೆ ಯಾರೂ ಇಲ್ಲದೆ, ತಾನಾಗಿಯೇ ನೆಟ್ಟಗೆ ನಿಂತಿತ್ತು. ಇನ್ನು ಮೂರು ದಿನಕ್ಕೆ ನಾನು ಹಿಮಾಲಯದ ಚಾರಣಕ್ಕೆ ರೈಲು ಹತ್ತಬೇಕು. ಹೊದಿಕೆ ಬೆನ್ನಚೀಲದೊಳಗೆ ಹಿಡಿಯದಿದ್ದರೆ ಸೇರಿಸಿಕೊಳ್ಳುವುದಿಲ್ಲ ಎಂದು ಚಾರಣ ನಡೆಸುವವರು ಕಾಗದದಲ್ಲಿ ಬರೆದಿದ್ದರು.

"ಹೆಂಗೈತೆ ಮೇಷ್ಟ್ರೆ? ನಿಮಗೇಂತ ಹುಣಸೆಬೀಜದ ಗಂಜಿ ಎಲ್ಡು ಸಲ ಹೊಡ್ದೀನಿ" ಎಂದ ಸಣ್ಣತಿಮ್ಮಪ್ಪ. ಚಳ್ಳಕೆರೆಯ ಕಂಬಳಿ ನೇಯುವವರಲ್ಲಿ ಅವನದು ದೊಡ್ಡ ಹೆಸರು. ಹೊಸ ಕಂಬಳಿ ಎಷ್ಟು ಬಿರುಸೋ, ಕೊಂಡವನಿಗೆ ಅಷ್ಟು ಮರ್ಯಾದೆ ಎಂಬುದು ಅವನ ಲೆಕ್ಕ.

ತಪ್ಪು ನನ್ನದೇ. ಎಸ್‌ಟಿಡಿ ಬೂತಿನಿಂದ ಬೆಂಗಳೂರಿನ ಅಂಗಡಿಗೆ ಫೋನು ಮಾಡಿ, ಸ್ಲೀಪಿಂಗ್ ಬ್ಯಾಗಿನ ಬೆಲೆ ಕೇಳಿದ ಕೂಡಲೇ "ಲೈನು ಸರಿಯಿಲ್ಲ" ಎಂದು ಕೆಳಗಿಟ್ಟವನು ನಾನು. ಕಂಬಳಿಯ ಸೀಮೆಯಲ್ಲಿ ಹುಟ್ಟಿ ಪೇಟೆಯ ಚೀಲವೇಕೆ ಎಂದು ತಳಕಿನ ನಮ್ಮ ಶಾಲೆಯಲ್ಲಿ ಭಾಷಣವನ್ನೂ ಬಿಗಿದಿದ್ದೆ. ಸಹೋದ್ಯೋಗಿಗಳು ಹಾರ ಹಾಕಿ ಬೀಳ್ಕೊಟ್ಟೂ ಆಗಿತ್ತು. ಆದರೆ ಸಣ್ಣತಿಮ್ಮಪ್ಪನಿಗೆ "ಕಂಬಳೀನ ಚೀಲದ ಹಂಗೆ ಹೊಲಿ, ಗಟ್ಟಿಯಾಗಿರ್ಲಿ" ಎಂದೆನೇ ಹೊರತು, ಮಡಚಬೇಕು ಎಂದು ಹೇಳಲೇ ಇಲ್ಲ.

ಈಗ ಮಡಚಲು ನೋಡಿದೆ. ಮೊಣಕಾಲು ಊರಿದೆ. ಮೇಲೆ ಹತ್ತಿ ಕೂತೆ. ಇಳಿದರೆ ಮತ್ತೆ ಎದ್ದು ನಿಂತಿತು. ಇಪ್ಪತ್ತು ವರ್ಷದ ನೌಕರಿಯಲ್ಲಿ ಹೆಡ್‌ಮಾಸ್ಟರ ಎದುರು ನಾನು ಒಮ್ಮೆಯೂ ಹಾಗೆ ನಿಂತವನಲ್ಲ.

"ಯಾವಾಗಪ್ಪಾ ಇದು ಮೆತ್ತಗಾಗೋದು?"

"ಒಂದಾರು ತಿಂಗ್ಳು ಹೊದ್ಕಂಡು ತಿರುಗಾಡ್ರಿ."

ಜೀವನದಲ್ಲಿ ಒಂದು ಸಲ ಹಿಮ ಮುಟ್ಟೋಣ ಎಂದುಕೊಂಡಿದ್ದೆ. ಅದೂ ಹೋಯಿತಲ್ಲ ಎಂದು ನಿಜಕ್ಕೂ ಅಳು ಬಂತು.

ಜಗಲಿಯಲ್ಲಿ ಉಣ್ಣೆ ನೂಲುತ್ತಿದ್ದ ಅವನ ತಾಯಿ ಹೊನ್ನಕ್ಕ ತಲೆಯೆತ್ತಿದಳು.

"ಅಲ್ಲಿ ಎಲ್ಲಿ ಮಲಗ್ತೀರಿ?"

"ಗುಡ್ಡದ ಮೇಲೆ ಅವ್ವಾ, ಚಳೀಲಿ."

"ಕೂಲಿ ಏನು ಕೊಡ್ತಾರೆ?"

"ಕೊಡಲ್ಲವ್ವಾ. ನಾವೇ ದುಡ್ಡು ಕಟ್ಟಬೇಕು."

ಕುರಿಮಂದೆಯ ಜೊತೆ ಮೂವತ್ತು ವರ್ಷ ಬಯಲಲ್ಲಿ ಮಲಗಿದವಳು ಆಕೆ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಒಳಗೆ ಹೋಗಿ, ತಾನು ಹೊದೆಯುವ ಹಳೆ ಕಂಬಳಿ ತಂದು ನಾಲ್ಕು ಮಡಿಕೆ ಹಾಕಿ ನನ್ನ ಬೆನ್ನಚೀಲಕ್ಕೆ ಇಳಿಸಿದಳು. ಇನ್ನೂ ಎರಡು ಅಂಗಿಗೆ ಜಾಗ ಉಳಿಯಿತು.

"ವಾಪಸ್ ತಂದ್ಕೊಡ್ರಿ ಮತ್ತೆ. ಅಲ್ಲೀತನಕ ನಿಮ್ದನ್ನ ನಾನು ಮೆತ್ತಗೆ ಮಾಡ್ತಿರ್ತೀನಿ."

ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಚೀಲ ಹೆಗಲಿಗೇರಿಸಿ ಬೀದಿಗಿಳಿದು ಹಿಂತಿರುಗಿ ನೋಡಿದೆ. ಮೇ ತಿಂಗಳ ನಡುಮಧ್ಯಾಹ್ನ, ನೆಲ ಕಾದ ಹಂಚಾಗಿತ್ತು. ಹೊನ್ನಕ್ಕ ಆ ಬಿರುಸು ಕಂಬಳಿಯೊಳಗೆ ಇಳಿದು, ಕತ್ತಿನವರೆಗೂ ಎಳೆದುಕೊಂಡು, ಬೆವರುತ್ತಾ ಕೂತಿದ್ದಳು.